ಪ್ರೋಟೀನಿನ ಹಾಗೆ ತಾನಾಗಿಯೇ ಮಡಚಿಕೊಳ್ಳುವ ಕೃತಕ ಅಣುಗಳನ್ನು ಮಾಡಬಹುದೇ? ಅದರಿಂದ ಏನು ಉಪಯೋಗ?

ಮಾಡಬಹುದು, ಈಗಾಗಲೇ ಮಾಡಿದ್ದಾರೆ ಕೂಡ. ಇವನ್ನು ಫೋಲ್ಡಮರ್ ಎನ್ನುತ್ತಾರೆ.

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಉದ್ದನೆಯ ಸರಪಳಿ. ಹೆಚ್ಚಿನವು ಸರಿಯಾದ ಆಕಾರಕ್ಕೆ ಮಡಚಿಕೊಂಡರೆ ಮಾತ್ರ ಕೆಲಸ ಮಾಡುತ್ತವೆ. ಒಳಗಿನ ಹೈಡ್ರೋಜನ್ ಬಂಧಗಳು, ನೀರಿನಿಂದ ದೂರ ಸರಿಯುವ ಭಾಗಗಳು ಸೇರಿ ಆ ಆಕಾರ ಕೊಡುತ್ತವೆ. ಈ ಗುಣ ಪ್ರಕೃತಿಯ ಸರಪಳಿಗೆ ಮಾತ್ರ ಮೀಸಲಲ್ಲ ಎಂದು 1996ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಗೆಲ್ಮನ್ ಮತ್ತು ಸ್ವಿಟ್ಜರ್ಲೆಂಡಿನ ಡೀಟರ್ ಸೀಬಾಕ್ ಅವರ ತಂಡಗಳು ಬೇರೆ ಬೇರೆಯಾಗಿ ತೋರಿಸಿದವು. ಅವರು ಬಳಸಿದ್ದು ಬೀಟಾ ಅಮೈನೋ ಆಮ್ಲ. ಅದರ ಪ್ರತಿ ಕೊಂಡಿಯ ಬೆನ್ನೆಲುಬಿನಲ್ಲಿ ಒಂದು ಇಂಗಾಲ ಜಾಸ್ತಿ. ಹಾಗಿದ್ದರೆ ಸರಪಳಿ ಇನ್ನಷ್ಟು ಓಲಾಡಬೇಕು ಅಲ್ವಾ? ಆದರೆ ಆರೇ ಕೊಂಡಿಗಳ ಸರಪಳಿ ಕೂಡ ಸ್ಥಿರವಾದ ಸುರುಳಿಯಾಯಿತು! ಅಷ್ಟು ಚಿಕ್ಕ ಸಹಜ ಪೆಪ್ಟೈಡ್ (ಅಮೈನೋ ಆಮ್ಲಗಳ ಗಿಡ್ಡ ಸರಪಳಿ) ಸಾಮಾನ್ಯವಾಗಿ ಸುರುಳಿಯಾಗಿ ನಿಲ್ಲುವುದಿಲ್ಲ. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾಗುವ ಸಂಗತಿ ಇದೇ.

ಪೆಪ್ಟಾಯ್ಡ್ ಎನ್ನುವ ಇನ್ನೊಂದು ಬಗೆಯಲ್ಲಿ ಪ್ರತಿ ಕೊಂಡಿಯಿಂದ ಪಕ್ಕಕ್ಕೆ ಚಾಚಿಕೊಂಡಿರುವ ಪರಮಾಣುಗಳ ಗುಂಪು ಬೆನ್ನೆಲುಬಿನ ಇಂಗಾಲದ ಬದಲು ನೈಟ್ರೋಜನ್ ಮೇಲೆ ಕೂರುತ್ತದೆ.

ಉಪಯೋಗ ಮುಖ್ಯವಾಗಿ ಔಷಧದಲ್ಲಿ. ಸಹಜ ಪೆಪ್ಟೈಡನ್ನು ದೇಹದ ಕಿಣ್ವಗಳು ಬೇಗ ಕತ್ತರಿಸಿಬಿಡುತ್ತವೆ. ಈ ಕೃತಕ ಬೆನ್ನೆಲುಬನ್ನು ಕತ್ತರಿಸುವುದು ಅವಕ್ಕೆ ಕಷ್ಟ, ಹಾಗಾಗಿ ಅಣು ಹೆಚ್ಚು ಹೊತ್ತು ಉಳಿಯುತ್ತದೆ. ಬ್ಯಾಕ್ಟೀರಿಯಾ ಕೊಲ್ಲುವ, ಎರಡು ಪ್ರೋಟೀನ್‌ಗಳು ಅಂಟಿಕೊಳ್ಳದಂತೆ ತಡೆಯುವ ಫೋಲ್ಡಮರ್‌ಗಳನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದಾರೆ. ಜೀವಕೋಶದ ಒಳಗೆ ಇವನ್ನು ತಲುಪಿಸುವುದು ಇನ್ನೂ ಸುಲಭವಲ್ಲ. ದೊಡ್ಡ ಕಿಣ್ವಗಳಷ್ಟು ಜಟಿಲ ಆಕಾರ ಕಟ್ಟುವುದಂತೂ ಇನ್ನೂ ಕಷ್ಟ.