ಯುದ್ಧದ ಇತಿಹಾಸ, ಕಾಸ್ಮಿಕ್ ಹಾರರ್: ಆಡಿಯೋಬುಕ್‌ನಲ್ಲಿ ಕೇಳಿದರೆ ಹಿಡಿಸುತ್ತಾ?

ಯುದ್ಧದ ಇತಿಹಾಸವೂ ಇಷ್ಟ, ಕಾಸ್ಮಿಕ್ ಹಾರರ್ (ವಿಶ್ವದ ಅಗಾಧತೆಯ ಮುಂದೆ ಮನುಷ್ಯ ಏನೂ ಅಲ್ಲ ಅನ್ನುವ ಭಯದ) ಕಥೆಗಳೂ ಇಷ್ಟ, ಓದೋಕೆ ಪುರುಸೊತ್ತಿಲ್ಲ, ಕೇಳಿದರೆ ಹಿಡಿಸುತ್ತಾ ಅಂತ ಕೇಳಿದ್ದೀರಿ. ಖಂಡಿತ ಹಿಡಿಸುತ್ತೆ. ನಾನು ಅಡುಗೆಮನೆಯಲ್ಲಿ, ಬಸ್ಸಿನಲ್ಲಿ ಎರಡನ್ನೂ ಕೇಳುತ್ತೇನೆ. ಆದರೆ ಎರಡಕ್ಕೂ ಓದುವವರ ದನಿ ತಣ್ಣಗಿರಬೇಕು.

ಮೊದಲು ಯುದ್ಧದ ವಿಷಯ. ಇಡೀ ಮಹಾಯುದ್ಧವನ್ನು ಒಂದೇ ಪುಸ್ತಕದಲ್ಲಿ ಹೇಳುವಂಥವನ್ನು ಕೇಳಲು ಹೋಗಬೇಡಿ. ಸೇನಾಪತಿಗಳ ಹೆಸರು, ನದಿಗಳ ಹೆಸರು, ದಳಗಳ ನಂಬರು ಎಲ್ಲಾ ಕಲಸಿಹೋಗುತ್ತವೆ. ಕಾಗದದ ಪುಸ್ತಕವಾದರೆ ಹಿಂದೆ ತಿರುಗಿಸಿ ನಕ್ಷೆ ನೋಡಬಹುದು, ಕಿವಿಗೆ ಆ ಅನುಕೂಲ ಇಲ್ಲ. ಒಂದೇ ಕದನದ ಅಥವಾ ಒಂದೇ ತಿಂಗಳ ಕಥೆ ಆರಿಸಿಕೊಳ್ಳಿ. ಅಮೆರಿಕದ ಇತಿಹಾಸಕಾರ್ತಿ ಬಾರ್ಬರಾ ಟಕ್‌ಮನ್ ಅವರ 'ದಿ ಗನ್ಸ್ ಆಫ್ ಆಗಸ್ಟ್' ಹಾಗಿದೆ. 1910ರಲ್ಲಿ ಇಂಗ್ಲೆಂಡಿನ ರಾಜನ ಶವಯಾತ್ರೆಯಲ್ಲಿ ಒಂಬತ್ತು ರಾಜರು ಕುದುರೆ ಏರಿ ಬರುವುದರಿಂದ ಶುರುವಾಗಿ, ಮೊದಲ ಮಹಾಯುದ್ಧದ ಮೊದಲ ತಿಂಗಳಾದ 1914ರ ಆಗಸ್ಟ್‌ನ ಕಥೆ ಹೇಳುತ್ತದೆ. ಕೇಳುವ ಮುಂಚೆ ಬೆಲ್ಜಿಯಂ-ಫ್ರಾನ್ಸ್ ಗಡಿಯ ನಕ್ಷೆಯನ್ನು ಒಮ್ಮೆ ನೋಡಿಕೊಂಡರೆ ಸಾಕು.

ದನಿ ತಣ್ಣಗಿರಬೇಕು ಅಂದೆನಲ್ಲ, ಅದು ನನಗೆ ಗೊತ್ತಾಗಿದ್ದು ಒಂದು ಸಂಜೆ. ಅವರೆಕಾಳು ಹಿತುಕುತ್ತಾ ಅದೇ ಯುದ್ಧದಲ್ಲಿ ಫ್ರಾನ್ಸಿನಲ್ಲಿ ನಡೆದ ಸೋಮ್ ಕದನದ ಕಥೆ ಕೇಳುತ್ತಿದ್ದೆ. 7 ದಿನ ಫಿರಂಗಿ ಹಾರಿಸಿದರೂ ಎಷ್ಟೋ ಕಡೆ ಮುಳ್ಳುತಂತಿ ತುಂಡಾಗಿರಲಿಲ್ಲ. 1916ರ ಜುಲೈ 1, ಒಂದೇ ದಿನದಲ್ಲಿ ಬ್ರಿಟಿಷ್ ಸೇನೆಯಲ್ಲಿ ಸತ್ತವರು 19,240. ಆ ಅಂಕಿಯನ್ನು ಓದುವವನು ಹವಾಮಾನ ಹೇಳಿದ ದನಿಯಲ್ಲೇ ಹೇಳಿ ಮುಂದಿನ ವಾಕ್ಯಕ್ಕೆ ಹೋಗಿಬಿಟ್ಟ. ನನ್ನ ಕೈ ಬಟ್ಟಲಲ್ಲೇ ನಿಂತಿತು. ಹಿಂದೆ ಹೋಗಿ ಮತ್ತೆ ಕೇಳಿದೆ. ಅವನು ಗಂಟಲು ಗದ್ಗದ ಮಾಡಿಕೊಂಡು ಓದಿದ್ದರೆ ನನಗೆ ಅಷ್ಟು ನಾಟುತ್ತಿರಲಿಲ್ಲ.

ಹಾರರ್‌ಗೂ ಇದೇ ಮಾತು. ಹಿನ್ನೆಲೆಯಲ್ಲಿ ಗಾಳಿ, ಬಾಗಿಲು ಕಿರುಗುಟ್ಟುವ ಸದ್ದು ಹಾಕಿದ್ದರೆ ಬಿಟ್ಟುಬಿಡಿ. ಇಂಗ್ಲಿಷ್ ಲೇಖಕ ವಿಲಿಯಂ ಹೋಪ್ ಹಾಡ್ಜ್‌ಸನ್ 1908ರಲ್ಲಿ ಬರೆದ 'ದಿ ಹೌಸ್ ಆನ್ ದಿ ಬಾರ್ಡರ್‌ಲ್ಯಾಂಡ್' ಕೇಳಿ. ಕೋಣೆಯಲ್ಲಿ ಕೂತವನ ಮುಂದೆ ಕಾಲ ಓಡತೊಡಗುತ್ತದೆ. ಗಡಿಯಾರದ ಟಿಕ್ ಟಿಕ್ ಬರೀ ಗುಂಯ್ ಅನ್ನುವ ಸದ್ದಾಗುತ್ತದೆ. ಮಗ್ಗುಲಲ್ಲಿ ಮಲಗಿದ್ದ ನಾಯಿ ಧೂಳಾಗುತ್ತದೆ. ಇದನ್ನೆಲ್ಲ ಸುಮ್ನೆ ವರದಿ ಒಪ್ಪಿಸುವ ಹಾಗೆ ಓದಬೇಕು, ಆಗಲೇ ಬೆನ್ನು ತಣ್ಣಗಾಗುವುದು.

ಇದನ್ನು ಬರೆದ ಹಾಡ್ಜ್‌ಸನ್, 1918ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ ಊರಿನ ಹತ್ತಿರ ಶೆಲ್ ಬಿದ್ದು ಸತ್ತ. ಫಿರಂಗಿ ದಳದಲ್ಲಿದ್ದ, ವಯಸ್ಸು 40. ಅದನ್ನು ತಿಳಿದ ಮೇಲೆ ನನಗೆ ಯುದ್ಧದ ಇತಿಹಾಸ, ಹಾರರ್ ಎರಡು ಬೇರೆ ಜಾತಿಯ ಪುಸ್ತಕ ಅನಿಸುವುದೇ ಇಲ್ಲ. ಅಮೆರಿಕದ ಹಾರರ್ ಕಥೆಗಾರ ಲವ್‌ಕ್ರಾಫ್ಟ್ 'ಡೇಗನ್' ಅನ್ನುವ ಸಣ್ಣಕಥೆ ಬರೆದದ್ದೂ 1917ರಲ್ಲಿ, ಯುದ್ಧ ನಡೆಯುತ್ತಿರುವಾಗಲೇ. ಜರ್ಮನ್ ಹಡಗಿನಿಂದ ತಪ್ಪಿಸಿಕೊಂಡವನು ಕಣ್ಣು ಬಿಟ್ಟರೆ ಸುತ್ತ ಕೊನೆಯೇ ಇಲ್ಲದ ಕಪ್ಪು ಕೆಸರು. ಸೋಮ್ ಕೇಳಿ ಬಂದವರಿಗೆ ಆ ಕೆಸರು ಹೊಸದಲ್ಲ, ಅಲ್ವಾ?

ಈ ಎರಡೂ ಹಾರರ್ ಕಥೆ, ಸ್ವಯಂಸೇವಕರು ಹಳೆಯ ಪುಸ್ತಕಗಳನ್ನು ಓದಿ ಹಾಕುವ ಲಿಬ್ರಿವಾಕ್ಸ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಒಬ್ಬರೇ ಪೂರ್ತಿ ಓದಿರುವುದನ್ನು ಆರಿಸಿ, ಅಧ್ಯಾಯಕ್ಕೊಂದು ದನಿ ಬದಲಾದರೆ ಹಿಡಿತ ತಪ್ಪುತ್ತದೆ. ಕನ್ನಡದಲ್ಲಿ ಇಂಥದ್ದು ಇನ್ನೂ ಜಾಸ್ತಿ ಬರಬೇಕು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರಿಗೆ ನುಗ್ಗಿದ ಮೈಸೂರು ಲ್ಯಾನ್ಸರ್ಸ್ ಕುದುರೆ ದಳದ ಕಥೆಯನ್ನು ತಣ್ಣನೆಯ ಕನ್ನಡ ದನಿಯಲ್ಲಿ ಕೇಳಬೇಕೆಂದು ನನಗೆ ತುಂಬಾ ಆಸೆ.

ನೀವು 'ಡೇಗನ್'ನಿಂದ ಶುರು ಮಾಡಿ. ಅರ್ಧ ಗಂಟೆಯೂ ಹಿಡಿಯುವುದಿಲ್ಲ.