ಸ್ವಂತ ಅನುಭವವನ್ನು ಕರ್ಣನ ಬಾಯಲ್ಲಿ ಹಾಡಿಸಿದರೆ ತಪ್ಪಿಸಿಕೊಂಡ ಹಾಗಾಗುತ್ತಾ?

'ನಾನು' ಅಂತ ನೇರವಾಗಿ ಬರೆಯಲು ಮುಜುಗರ, ಕರ್ಣನ ಬಾಯಲ್ಲಿ ಹೇಳಿಸಿದರೆ ಕಳ್ಳಾಟ ಅನ್ನಿಸುತ್ತೆ ಅಂತ ಕೇಳಿದ್ದೀರಿ. ಕಳ್ಳಾಟ ಏನೂ ಇಲ್ಲ. ಪುರಂದರದಾಸರ 'ಗುಮ್ಮನ ಕರೆಯದಿರೆ' ಕೇಳಿ, ಅಲ್ಲಿ ಅಮ್ಮನ ಹತ್ತಿರ ಗೋಗರೆಯುತ್ತಿರುವುದು ಪುಟ್ಟ ಕೃಷ್ಣ. ನಾನೂ ಆಗಾಗ ಹಾಡು ಬರೆಯುತ್ತೇನೆ. ನನ್ನ ಹೆಸರಲ್ಲೇ ಬರೆದಾಗ ಸುಮ್ನೆ ನನ್ನ ಪರ ವಾದ ಮಾಡುತ್ತಾ ಕೂರುತ್ತೇನೆ. ಪಾತ್ರದ ಬಾಯಿ ಸಿಕ್ಕರೆ ಹೊಟ್ಟೆಕಿಚ್ಚು, ಸಣ್ಣತನ ಎಲ್ಲ ಧೈರ್ಯವಾಗಿ ಹೊರಗೆ ಬರುತ್ತದೆ.

ಆದರೆ ಯಾವ ಕರ್ಣ? ಜಾಸ್ತಿ ಜನ ಇಲ್ಲೇ ಎಡವುತ್ತಾರೆ. ಹುಟ್ಟು, ಕವಚ, ಶಾಪ, ರಥದ ಚಕ್ರ, ಎಲ್ಲವನ್ನೂ ನಾಲ್ಕು ಚರಣದಲ್ಲಿ ತುರುಕುತ್ತಾರೆ. ಅದು ಕಥೆಯ ಸಾರಾಂಶ, ಹಾಡಲ್ಲ. ಒಂದೇ ಗಳಿಗೆ ಹಿಡಿಯಿರಿ. ಯುದ್ಧಕ್ಕೆ ಮುಂಚೆ ಕುಂತಿ ಬಂದು ನೀನು ನನ್ನ ಮಗ ಅನ್ನುತ್ತಾಳೆ, ಅವನು ನಿನ್ನ ಕಡೆ ಬರಲ್ಲ ಆದರೆ ನಿನಗೆ ಐದು ಮಕ್ಕಳಂತೂ ಉಳಿಯುತ್ತಾರೆ ಅಂತ ಮಾತು ಕೊಡುತ್ತಾನೆ, ಇಬ್ಬರೂ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ವಾಪಸ್ ನಡೆಯುವಾಗ ಅವನ ತಲೆಯಲ್ಲಿ ಏನು ಓಡುತ್ತಿತ್ತು? ಆ ಖಾಲಿ ಜಾಗ ನಿಮ್ಮದು. ಇಂಗ್ಲಿಷ್ ಗಾಯಕಿ ಕೇಟ್ ಬುಷ್ 1978ರಲ್ಲಿ, ಎಮಿಲಿ ಬ್ರಾಂಟೆಯ ಕಾದಂಬರಿ ಇಟ್ಟುಕೊಂಡು ಅದೇ ಹೆಸರಿನ 'ವದರಿಂಗ್ ಹೈಟ್ಸ್' ಹಾಡು ತಂದಾಗಲೂ ಅಷ್ಟು ದೊಡ್ಡ ಕಥೆಯನ್ನೆಲ್ಲ ಹೇಳಲು ಹೋಗಲಿಲ್ಲ. ಸತ್ತ ನಾಯಕಿ ಕ್ಯಾಥಿ ಕಿಟಕಿಯ ಹೊರಗೆ ನಿಂತು, ಚಳಿ, ಒಳಗೆ ಬಿಡು ಅಂತ ಕೇಳುತ್ತಾಳೆ, ಅಷ್ಟೇ.

ಇನ್ನೊಂದು, ಪಲ್ಲವಿಗೆ ಮುಂಚೆಯೇ ತೀರ್ಮಾನ ಮಾಡಿ: ಪಾತ್ರ ಯಾರಿಗೆ ಹಾಡುತ್ತಿದೆ? ನಮ್ಮ ಮನೆಯಿಂದ ಒಬ್ಬರು ದೂರ ಹೋದರು, ಎಲ್ಲವನ್ನೂ ನೋಡಿಕೊಳ್ಳಲು ಉಳಿದವನು ನಾನು. ಅದಕ್ಕೆ ಊರ್ಮಿಳೆಯನ್ನು ಹಿಡಿದುಕೊಂಡೆ. ಲಕ್ಷ್ಮಣನಿಗೆ ಹಾಡಿಸಿದರೆ ಬರೀ ವಿರಹ, ಅದನ್ನು ಎಲ್ಲರೂ ಬರೆದಿದ್ದಾರೆ. ಸೀತೆಯ ಕಡೆ ತಿರುಗಿಸಿದಾಗ ಹಾಡಿಗೆ ಹಲ್ಲು ಬಂತು. ಅಕ್ಕಾ, ನೀನು ಹಠ ಮಾಡಿ ಹೊರಟೆ, ನನ್ನನ್ನು ಬರ್ತೀಯಾ ಅಂತ ಯಾರು ಕೇಳಿದರು? ಆಮೇಲೆ ಈ ಸಾಲು:

ಹೊರಟವರಿಗೆಲ್ಲ ಆರತಿ ಎತ್ತಿದರು
ಆ ತಟ್ಟೆ ತೊಳೆದವಳು ನಾನು

ತಟ್ಟೆ ತೊಳೆದದ್ದು ನಾನೇ, ನಮ್ಮ ಮನೆಯಲ್ಲೇ. ಆದರೆ ತಟ್ಟೆ ಅಯೋಧ್ಯೆಯಲ್ಲೂ ಇತ್ತು, ಅಲ್ವಾ? ನಿಮ್ಮ ಬದುಕಿನಿಂದ ತರುವ ವಸ್ತು ಪಾತ್ರದ ಲೋಕದಲ್ಲೂ ಇರಬೇಕು. ಊರ್ಮಿಳೆ ಬಾಯಲ್ಲಿ ಮಿಸ್ಡ್ ಕಾಲ್ ಬಂದರೆ ಕೇಳುವವರು ನಕ್ಕುಬಿಡುತ್ತಾರೆ. (ನಗಿಸಲೇಬೇಕಾದರೆ ಉತ್ತರಕುಮಾರ ಇದ್ದಾನೆ. ಹೆಂಗಸರ ಮುಂದೆ ಕೊಚ್ಚಿಕೊಂಡು, ಸೈನ್ಯ ನೋಡಿದ ಕೂಡಲೇ ರಥದಿಂದ ಹಾರಿ ಓಡಿದವನು. ನನ್ನಂಥ ಬಾಯಿಬಡುಕರಿಗೆ ಹೇಳಿ ಮಾಡಿಸಿದ ಪಾತ್ರ.)

ಪಾತ್ರದ ಹೆಸರನ್ನು ಪದೇ ಪದೇ ಹೇಳಬೇಡಿ, ಶೀರ್ಷಿಕೆಯಲ್ಲಿದ್ದರೆ ಸಾಕು. ಇತ್ತೀಚಿನ ಸಿನಿಮಾ, ಕಾದಂಬರಿ ಪಾತ್ರವಾದರೆ ಹಾಡನ್ನು ಬಿಡುಗಡೆ ಮಾಡುವ ಮುಂಚೆ ಹಕ್ಕು ಯಾರದು ಅಂತ ವಿಚಾರಿಸಿಕೊಳ್ಳಿ. ಪುರಾಣಕ್ಕೆ ಆ ತಲೆನೋವಿಲ್ಲ.

ನಿಮ್ಮ ಕರ್ಣ ಯಾರಿಗೆ ಹಾಡುತ್ತಿದ್ದಾನೆ ಅಂತ ನೀವು ಹೇಳಿಲ್ಲ. ಕುಂತಿಗಾದರೆ ಅದು ತಡವಾಗಿ ಬಂದ ಪ್ರೀತಿಯ ಹಾಡು. ದುರ್ಯೋಧನನಿಗಾದರೆ, ತಪ್ಪು ಅಂತ ಗೊತ್ತಿದ್ದೂ ಬಿಡಲಾಗದ ಸ್ನೇಹದ ಹಾಡು. ನಿಮಗೆ ಎರಡನೆಯದನ್ನು ಬರೆಯಲು ಜಾಸ್ತಿ ಮುಜುಗರವಾದರೆ, ಅದನ್ನೇ ಬರೆಯಿರಿ.