ನಿಮ್ಮ ಪ್ರಬಂಧ ನಾಲ್ಕನೆಯ ಪುಟದಲ್ಲಿ ಆರಂಭವಾಗುತ್ತದೆ

ಮಾನ್ಯರೆ,

ಕಾಫಿಯ ಮೊಗ್ಗು ಅರಳಿಸುವ ಹೂಮಳೆ ಕೈಕೊಟ್ಟ ವರ್ಷವನ್ನು ಕುರಿತು ನೀವು ಮೂಡಿಗೆರೆಯಿಂದ ಹಾಸನದ ನಮ್ಮ ಪತ್ರಿಕೆಗೆ ಕಳುಹಿಸಿದ ಪ್ರಬಂಧವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ‘ವಿಷಾದಗಳೊಂದಿಗೆ’ ಎಂದು ಹಿಂದಿರುಗಿಸಿ ಕೈತೊಳೆದುಕೊಳ್ಳುವಂಥ ಬರಹ ಅದಲ್ಲವಾದ್ದರಿಂದ ತುಸು ನಿಷ್ಠುರವಾಗಿಯೇ ಬರೆಯುತ್ತಿದ್ದೇನೆ.

ಬಾಬಾ ಬುಡನ್ ಏಳು ಕಾಫಿ ಬೀಜ ತಂದ ಐತಿಹ್ಯ, ಮುಳ್ಳಯ್ಯನಗಿರಿಯ ಮಂಜು, ಮಲೆನಾಡಿನ ಹಸಿರು ಇವುಗಳಲ್ಲೇ ನಿಮ್ಮ ಮೊದಲ ಮೂರು ಪುಟಗಳು ಮುಗಿದಿವೆ. ಇವನ್ನು ಯಾರು ಬೇಕಾದರೂ ಬರೆಯಬಹುದು. ಚಿಕ್ಕಮಗಳೂರಿಗೆ ಒಮ್ಮೆ ಬಂದುಹೋದವರೆಲ್ಲ ಬರೆದೂ ಇದ್ದಾರೆ. ನೀವೊಬ್ಬರೇ ಬರೆಯಬಹುದಾದದ್ದು ನಾಲ್ಕನೆಯ ಪುಟದಲ್ಲಿದೆ: ಮಾರ್ಚ್ ಅರ್ಧ ಕಳೆದರೂ ಮಳೆಯ ಸುಳಿವಿಲ್ಲದೆ, ಕೆರೆಯಲ್ಲಿ ಉಳಿದಿದ್ದ ನೀರನ್ನೇ ರೊಬಸ್ಟಾ ಕಾಫಿ ಗಿಡಗಳಿಗೆ ಸ್ಪ್ರಿಂಕ್ಲರ್‌ನಲ್ಲಿ ಹಾಯಿಸಲು ನಿಮ್ಮ ತಂದೆ ರಾತ್ರಿಯಿಡೀ ಪೈಪು ಬದಲಿಸುತ್ತಿದ್ದಾಗ, ನೀವು ಪರೀಕ್ಷೆಯ ನೆಪ ಹೇಳಿ ಒಳಗೆ ಮಲಗಿದ್ದದ್ದು. ಪ್ರಬಂಧದ ಜೀವವಿರುವುದು ಆ ನೆಪದಲ್ಲಿ. ನೀವಾದರೋ ಅದನ್ನು ಒಂದೇ ವಾಕ್ಯದಲ್ಲಿ ದಾಟಿ, ಬೆಳೆಗಾರರ ಸಂಕಷ್ಟ ಎಂಬ ಸಾರ್ವಜನಿಕ ಭಾಷಣಕ್ಕೆ ಹೊರಟುಬಿಟ್ಟಿದ್ದೀರಿ.

ಮಲಗಿದಲ್ಲಿಗೆ ಕೇಳಿಸುತ್ತಿದ್ದ ಪಂಪ್‌ಸೆಟ್ಟಿನ ಸದ್ದಿನಿಂದಲೇ ಶುರುಮಾಡಿ. ಹೂಮಳೆ ತಪ್ಪಿದರೆ ಮುಂದಿನ ಫಸಲಿಗೇ ಹೊಡೆತ ಬೀಳುತ್ತದೆ ಎಂಬ ಹಿನ್ನೆಲೆಗೆ ಎರಡು ವಾಕ್ಯ ಸಾಕು; ಅದೂ ಓದುಗ ‘ಇಷ್ಟೊಂದು ಪರದಾಟ ಏಕೆ?’ ಎಂದು ಕೇಳಿಕೊಳ್ಳುವ ಹಂತದಲ್ಲಿ ಬರಲಿ.

ಇಂಥ ಬರಹದಲ್ಲಿ ‘ನಾನು’ ಇಬ್ಬರಿರುತ್ತಾರೆ, ಅಂದು ಅನುಭವಿಸಿದವನು ಮತ್ತು ಇಂದು ಬರೆಯುತ್ತಿರುವವನು. ನಿಮ್ಮಲ್ಲಿ ಇವರಿಬ್ಬರೂ ಕಲಸಿಹೋಗಿದ್ದಾರೆ. ‘ಪ್ರಕೃತಿಯ ಮುಂದೆ ಮನುಷ್ಯ ಎಷ್ಟು ಕುಬ್ಜ’ ಎಂದು ಆ ರಾತ್ರಿ ಹತ್ತನೇ ತರಗತಿಯ ಹುಡುಗ ಯೋಚಿಸಿದನೆಂದರೆ ನಾನಂತೂ ನಂಬಲಾರೆ. ಬಹುಶಃ ಅವನಿಗೆ ಚಳಿಯಾಗಿತ್ತು, ಸೋಮಾರಿತನವಿತ್ತು, ಅಪ್ಪ ಕರೆದುಬಿಟ್ಟರೆ ಎಂಬ ಭಯವಿತ್ತು. ಅಂದು ಅವನಿಗೆ ತಿಳಿಯದೆ ಇಂದು ನಿಮಗೆ ತಿಳಿದಿರುವುದು ಏನು ಎಂಬ ಪ್ರಶ್ನೆಯೊಂದನ್ನೇ ಹಿಡಿದು ಹೊರಟರೆ, ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬುದು ತಾನಾಗಿ ಇತ್ಯರ್ಥವಾಗುತ್ತದೆ.

ಇನ್ನೊಂದು ಮಾತು. ನೀರು ಹಾಯಿಸಿದ ಮರುದಿನ ಬೆಳಿಗ್ಗೆಯೇ ತೋಟವೆಲ್ಲ ಬಿಳಿಯಾಗಿತ್ತು ಎಂದಿದ್ದೀರಿ. ಕಾಫಿ ಮೊಗ್ಗು ಅರಳಲು ಸುಮಾರು ಒಂದು ವಾರ, ಹತ್ತು ದಿನ ಬೇಕೆಂಬುದು ತೋಟದಲ್ಲಿ ಬೆಳೆದ ನಿಮಗೆ ಗೊತ್ತಿರಲೇಬೇಕು. ದೃಶ್ಯ ಚೆನ್ನಾಗಿರಲೆಂದು ಅದನ್ನು ಮರೆತಿದ್ದೀರಿ. ಆ ಕಾಯುವಿಕೆಯ ದಿನಗಳಲ್ಲಿ ತಂದೆ ನಿಮ್ಮೊಡನೆ ಹೇಗೆ ನಡೆದುಕೊಂಡರು? ಅದನ್ನು ಬರೆಯಿರಿ. ಅವರು ಆಡಿದ ಮಾತು ನೆನಪಿಲ್ಲದಿದ್ದರೆ ಹೊಸದಾಗಿ ಹೊಸೆಯದೆ, ನೆನಪಿಲ್ಲವೆಂದೇ ಹೇಳಿ.

ಕೊನೆಯ ಪ್ಯಾರಾದ ಉಪದೇಶವನ್ನು ಪೂರ್ತಿ ತೆಗೆಯಿರಿ. 1,200 ಪದಗಳ ಮಿತಿಯಲ್ಲಿ ಮತ್ತೆ ಬರೆದು, ಸಾಧ್ಯವಾದರೆ ತಂದೆಯವರಿಗೆ ಒಮ್ಮೆ ಓದಿ ಹೇಳಿ, ಆಮೇಲೆ ಕಳುಹಿಸಿ.

ಇತಿ,
ಸಂಪಾದಕ